ನರಳ್ತಾ ನರಳ್ತಾ ರಾಗ: ಸಂಗೀತ ಚಿಕಿತ್ಸಕರು ತಮಗಾಗಿ ದನಿ ತೆಗೆಯುವ ಬಗೆ

ಒಂದು ರಾತ್ರಿ ಮಗಳನ್ನು ಮಲಗಿಸಲು ಹಾಡುತ್ತಿದ್ದೆ. ಎರಡು ಸಾಲು ಆಗಿರಬೇಕು. ಅವಳು ನನ್ನ ಬಾಯಿಗೆ ಅಂಗೈ ಅಡ್ಡ ಹಿಡಿದು, "ಅಮ್ಮಾ, ಆ ಕೆಲಸದ ದನೀಲಿ ಬೇಡ" ಅಂದಳು. ಆಗ ಅವಳಿಗೆ 6 ವರ್ಷ. ಕೆಲಸದ ದನಿ ಅಂತ ನನಗೊಂದು ಇದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಮರುದಿನ ಸೆಷನ್ ನಡುವೆ ನನ್ನನ್ನೇ ಕದ್ದು ಕೇಳಿಸಿಕೊಂಡೆ. ಹೌದು, ಇತ್ತು. ಮೆತ್ತನೆಯ, ಅಂಚನ್ನೆಲ್ಲ ತೇಯ್ದು ನುಣುಪು ಮಾಡಿದ ದನಿ. ಎದುರಿನವರ ಉಸಿರು ನಿಂತಲ್ಲಿ ನಿಂತು, ಹೊರಟಾಗ ಹೊರಡುವ ದನಿ. ಒಳ್ಳೆಯ ದನಿಯೇ. ಆದರೆ ಅದರೊಳಗೆ ನಾನು ಇರಲಿಲ್ಲ.

ನಾನು ಸಂಗೀತ ಚಿಕಿತ್ಸಕಿಯಾಗಿ 14 ವರ್ಷವಾಯಿತು. ಬೆಳಗ್ಗೆ ಮರೆವಿನ ಕಾಯಿಲೆಯ ಹಿರಿಯರು, ಮಧ್ಯಾಹ್ನ ಮಾತು ಬಾರದ ಮಕ್ಕಳು, ವಾರಕ್ಕೆ ಎರಡು ದಿನ ಕೊನೆಗಾಲದ ಆರೈಕೆಯ ವಾರ್ಡು. ನನ್ನ ಶ್ರುತಿ, ಅಂದರೆ ನನ್ನ ದನಿಗೆ ಒಗ್ಗುವ ಆಧಾರ ಸ್ವರ, ಜಿ. ಹಿರಿಯ ಹೆಂಗಸರ ಜತೆ ಹಾಡಬೇಕೆಂದರೆ ಅದರಿಂದ ಎಷ್ಟೋ ಕೆಳಗಿಳಿಯಬೇಕು, ಯಾಕೆಂದರೆ ವಯಸ್ಸಾದಂತೆ ಹೆಂಗಸರ ದನಿ ಇಳಿಯುತ್ತದೆ. ಮಕ್ಕಳ ಜತೆಗಾದರೆ ಆ ಮಗು ಯಾವ ಸ್ವರದಲ್ಲಿ ಕಿರುಚುತ್ತದೋ ಅಲ್ಲಿಗೇ ಏರಬೇಕು. ಒಂದು ದಿನ ಬೇಕೆಂದೇ ಲೆಕ್ಕ ಇಟ್ಟೆ. ಐದು ಸೆಷನ್, ತುಂಡು ಹಾಡುಗಳೂ ಸೇರಿ 43 ಹಾಡು. ನನ್ನ ಶ್ರುತಿಯಲ್ಲಿ ಹಾಡಿದ್ದು ಒಂದೂ ಇಲ್ಲ.

ಇದನ್ನು ಓದುತ್ತಿರುವವರು ಇದೇ ಕಸುಬಿನವರಾದರೆ ಐಸೋ ತತ್ತ್ವದ ಬಗ್ಗೆ ನಾನು ಹೇಳಬೇಕಿಲ್ಲ. ಎದುರಿನವರು ಯಾವ ಮನಸ್ಥಿತಿಯಲ್ಲಿದ್ದಾರೋ ಸಂಗೀತವನ್ನು ಮೊದಲು ಅಲ್ಲಿಗೆ ಹೊಂದಿಸು, ಆಮೇಲೆ ಮೆಲ್ಲಗೆ ಸರಿಸು. 1940ರ ದಶಕದಲ್ಲಿ ಮನೋವೈದ್ಯ ಇರಾ ಆಲ್ಟ್‌ಶುಲರ್ ಕೊಟ್ಟ ಈ ಮಾತಿನ ಮೇಲೆ ನಮ್ಮ ಅರ್ಧ ಅನ್ನ ನಡೆಯುತ್ತದೆ. ಗೋಳಾಡುತ್ತಿರುವವರ ಮುಂದೆ ಕುಣಿಯುವ ಹಾಡು ಹಾಡಬಾರದೆಂದು ತರಬೇತಿಯ ಮೊದಲ ತಿಂಗಳಲ್ಲೇ ಕಲಿತಿರುತ್ತೇವೆ. ಆದರೆ ನಮ್ಮ ಸರದಿ ಬಂದಾಗ ಮಾಡುವುದೇನು? ದಣಿದು ಬಂದು, ನೇರವಾಗಿ ಒಂದು ಹಿತವಾದ ಹಾಡಿಗೆ ಕೈ ಹಾಕುತ್ತೇವೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದೆ. ಹಾಡು ಮುಗಿಯುವ ಹೊತ್ತಿಗೆ ಮೊದಲಿಗಿಂತ ಹೆಚ್ಚು ಸಿಡುಕು. ಯಾರೋ ನನ್ನನ್ನು ಸಮಾಧಾನ ಮಾಡಲು ಬಂದು, ನಾನು ಹೇಳುವುದನ್ನು ಕೇಳದೆಯೇ ಬೆನ್ನು ತಟ್ಟಿ ಹೋದ ಹಾಗೆ.

ಹಾಗಾಗಿ ಇಲ್ಲಿ ಹೇಳುವುದೆಲ್ಲ ಒಂದೇ ಕೆಲಸಕ್ಕೆ. ಇಡೀ ದಿನ ಊರಿಗೆಲ್ಲ ಕೊಡುವ ಆ ಹೊಂದಿಸುವಿಕೆಯನ್ನು ಸಂಜೆ ಹತ್ತು ನಿಮಿಷ ನಮ್ಮ ದನಿಯಿಂದ ನಮಗೇ ಕೊಟ್ಟುಕೊಳ್ಳುವುದು. ಸಮಾಧಾನ ಆಮೇಲೆ ಬಂದರೆ ಬರಲಿ.

ಇದು ಸಾಧನೆಯೂ ಅಲ್ಲ, ಕಛೇರಿಯೂ ಅಲ್ಲ

ಸಂಗೀತ ಕಲಿತವರಿಗೆ ಹಾಡುವುದೆಂದರೆ ಮೂರು ಬಗೆ: ಸಾಧನೆ, ಕಛೇರಿ, ಸೆಷನ್. ಮೂರರಲ್ಲೂ ಕೇಳುವವರು ಒಬ್ಬರು ಇದ್ದೇ ಇರುತ್ತಾರೆ. ಸಾಧನೆಯಲ್ಲಿ ಗುರುಗಳು, ಅವರು ಎದುರಿಗೆ ಇಲ್ಲದಿದ್ದರೂ ಕಿವಿಯೊಳಗೆ ಕೂತಿರುತ್ತಾರೆ. ನನ್ನ ಗುರುಗಳ ಬಳಿ ಪಾಠ ಬಿಟ್ಟು ಇಪ್ಪತ್ತು ವರ್ಷವಾದರೂ, ಗಾಂಧಾರ ಕೂದಲೆಳೆಯಷ್ಟು ಇಳಿದರೆ ಅವರ ಹುಬ್ಬು ಇವತ್ತಿಗೂ ನನಗೆ ಕಾಣುತ್ತದೆ.

ಇಲ್ಲಿ ಬೇಕಾದ್ದು ನಾಲ್ಕನೆಯ ಬಗೆ, ಕೇಳುವವರೇ ಇಲ್ಲದ್ದು. ಅದಕ್ಕೆ ನಾನು ಇಟ್ಟುಕೊಂಡಿರುವ ಕಟ್ಟುನಿಟ್ಟಿನ ನಿಯಮ ಇದೊಂದೇ: ರೆಕಾರ್ಡ್ ಮಾಡಬಾರದು. ಒಮ್ಮೆ ಮಾಡಿದೆ. "ಸುಮ್ಮನೆ, ನೆನಪಿಗಿರಲಿ" ಅಂದುಕೊಂಡೆ. ಗುಂಡಿ ಒತ್ತಿದ ಮರುಕ್ಷಣ ಬೆನ್ನು ನೆಟ್ಟಗಾಯಿತು, ಗಂಟಲು ತಾನಾಗಿ ಚೊಕ್ಕವಾಯಿತು, ಮುಂದಿನ ಆರು ನಿಮಿಷ ಒಂದು ಸೊಗಸಾದ ಆಲಾಪನೆ ಮಾಡಿದೆ. ಯಾವ ಪ್ರಯೋಜನವೂ ಆಗಲಿಲ್ಲ. ನಾಳೆ ಕೇಳುವ ನಾನೂ ಒಬ್ಬ ಶ್ರೋತೃವೇ.

ಎಲ್ಲಿ, ಯಾವಾಗ

ಕೊನೆಯ ಸೆಷನ್ ಮುಗಿದು ಮನೆ ಸೇರುವ ಮುಂಚಿನ ಸಂದು ಅತ್ಯುತ್ತಮ. ಮನೆಗೆ ಬಂದು ಚಪ್ಪಲಿ ಬಿಟ್ಟರೆ ಆ ಹೊತ್ತು ಕೈ ಜಾರಿತು ಅಂತಲೇ ಲೆಕ್ಕ. ಏಳು ನಿಮಿಷ ಸಾಕು, ಹತ್ತು ಸಿಕ್ಕರೆ ಭಾಗ್ಯ. ಕಾರು ಇರುವವರಿಗೆ ನಿಲ್ಲಿಸಿದ ಕಾರು ಒಳ್ಳೆಯ ಜಾಗ. ಓಡಿಸುತ್ತಾ ಬೇಡ, ಯಾಕೆಂದರೆ ಈ ಕೆಲಸದಲ್ಲಿ ಕೆಲವೊಮ್ಮೆ ಕಣ್ಣು ತುಂಬುತ್ತದೆ.

ಬಚ್ಚಲುಮನೆ ಬೇಡ ಎನ್ನುವುದು ನನ್ನ ಹಟ. ಎಲ್ಲರೂ ಅದನ್ನೇ ಹೇಳುತ್ತಾರೆ, ಆದರೆ ಟೈಲ್ಸ್ ಗೋಡೆ ಮುಖಸ್ತುತಿ ಮಾಡುತ್ತದೆ. ನೀವು ಮುಲುಕಿದರೂ ಅದು ಚೆಂದ ಮಾಡಿ ವಾಪಸ್ ಕೊಡುತ್ತದೆ, ನೀವು ಆ ಚೆಂದದ ಹಿಂದೆ ಹೊರಟುಬಿಡುತ್ತೀರಿ. ಬಟ್ಟೆ ತುಂಬಿದ ಬೀರು, ಪರದೆ, ಹಾಸಿಗೆ ಇರುವ ಕೋಣೆ ಲೇಸು. ಅಲ್ಲಿ ದನಿ ಇದ್ದಷ್ಟೇ ಇರುತ್ತದೆ.

ನನಗೆ ಸಿಕ್ಕಿರುವುದು ವಾದ್ಯಗಳನ್ನು ಇಡುವ ಚಿಕ್ಕ ಕೋಣೆ. ಅದರ ಒಂದು ಗುಣ ನನಗೆ ತಡವಾಗಿ ಗೊತ್ತಾಯಿತು. ಬಾಗಿಲು ಹಾಕಿಕೊಂಡು ಮಂದ್ರದಲ್ಲಿ ಗುನುಗಿ ನಿಲ್ಲಿಸಿದರೆ, ಮೂಲೆಯಲ್ಲಿ ಒರಗಿಸಿದ ಗಿಟಾರ್ ತಂತಿಯೊಂದು ಅದೇ ಸ್ವರವನ್ನು ಒಂದು ಕ್ಷಣ ಹಿಡಿದಿರುತ್ತದೆ. ಅನುರಣನ, ಅಷ್ಟೇ, ತಂತಿಯ ಸಹಜ ಕಂಪನಕ್ಕೂ ನನ್ನ ಸ್ವರಕ್ಕೂ ತಾಳೆಯಾದರೆ ಅದು ಮಿಡಿಯಲೇಬೇಕು. ಆದರೆ ಬೆಳಗಿನಿಂದ ಇನ್ನೊಬ್ಬರ ಸ್ವರಕ್ಕೆ ಮಿಡಿದು ಬಂದವಳಿಗೆ, ತನ್ನ ಸ್ವರಕ್ಕೆ ಮಿಡಿಯುವ ವಸ್ತು ಒಂದು ಕೋಣೆಯಲ್ಲಿದೆ ಎನ್ನುವುದು ಸಣ್ಣ ಮಾತಲ್ಲ. ಗಿಟಾರ್ ಇದ್ದರೆ ಪ್ರಯೋಗ ಮಾಡಿ ನೋಡಿ, ಎದೆಯ ಹತ್ತಿರ ಅಡ್ಡ ಹಿಡಿದುಕೊಂಡು.

ಮೊದಲು ಗಂಟಲನ್ನು ಬಿಡಿಸಿಕೊಳ್ಳುವುದು

ಇದು ಯಾಂತ್ರಿಕ ಕೆಲಸ, ಎರಡು ನಿಮಿಷ ಸಾಕು. ಸುಳ್ಳು ಆಕಳಿಕೆ ತೆಗೆಯಿರಿ. ಮೂರನೆಯದು ನಿಜವಾದ ಆಕಳಿಕೆಯೇ ಬರುತ್ತದೆ. ದವಡೆ ಜೋತುಬೀಳಲಿ. ದಿನವಿಡೀ ನಗುಮುಖ ಇಟ್ಟುಕೊಂಡು ಕೆನ್ನೆ ಬಿಗಿದಿರುತ್ತದೆ, ಅಂಗೈಯಿಂದ ಒತ್ತಿ ಕೆಳಗೆ ಎಳೆಯಿರಿ.

ಆಮೇಲೆ ಸ್ಟ್ರಾ. ಅರ್ಧ ಲೋಟ ನೀರು, ಒಂದು ಮಾಮೂಲಿ ಸ್ಟ್ರಾ. ತುದಿ ಎರಡು ಸೆಂಟಿಮೀಟರಿನಷ್ಟು ನೀರಲ್ಲಿ ಮುಳುಗಿರಲಿ. ತುಟಿ ಮುಚ್ಚಿ "ಊ" ಅಂತ ದನಿ ಬಿಡುತ್ತಾ ಗುಳ್ಳೆ ಎಬ್ಬಿಸಿ. ಒಂದೇ ಸ್ವರ ಸಾಕು, ಆಮೇಲೆ ಕೆಳಗಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ ಜಾರಿಸಿ. ಬಾಯಿಯ ದಾರಿ ಕಿರಿದಾದಾಗ ಒಳಗೆ ಒತ್ತಡ ಹಿಂದಕ್ಕೆ ತಳ್ಳಿ ಧ್ವನಿಪಟಲಗಳು ಒಂದಕ್ಕೊಂದು ಬಡಿಯುವ ಜೋರು ತಗ್ಗುತ್ತದೆ. ಧ್ವನಿವಿಜ್ಞಾನಿ ಇಂಗೋ ಟಿಟ್ಜೆ ಸ್ಟ್ರಾದಲ್ಲಿ ದನಿ ತೆಗೆಯುವುದನ್ನು ಗಾಯಕರಲ್ಲಿ ಜನಪ್ರಿಯ ಮಾಡಿದರು, ನೀರಿನ ಬಗೆಯನ್ನು ದನಿಯ ಚಿಕಿತ್ಸಕರು ಬಹಳ ಬಳಸುತ್ತಾರೆ. ಆರು ಸೆಷನ್ ಆದ ದಿನ ನನಗೆ ಇದೊಂದೇ ಆರೈಕೆ, ಮುಂದಿನದಕ್ಕೆ ಹೋಗುವುದೇ ಇಲ್ಲ. ಅದೂ ನಡೆಯುತ್ತದೆ.

ನಿಟ್ಟುಸಿರಿನಿಂದ ಇವತ್ತಿನ ಷಡ್ಜ

ಈಗ ನಿಜವಾದ ಆರಂಭ. ಶ್ರುತಿಪೆಟ್ಟಿಗೆಯನ್ನಾಗಲಿ ಫೋನಿನ ತಂಬೂರಿಯನ್ನಾಗಲಿ ಹಚ್ಚಬೇಡಿ. ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ, ತಡೆಯಿರಿ.

ನಿಟ್ಟುಸಿರು ಬಿಡಿ. ಬರೀ ಗಾಳಿ. ಎರಡನೆಯದಕ್ಕೆ ಒಂದಿಷ್ಟು ದನಿ ಬೆರೆಸಿ. ಮೂರನೆಯದು ನರಳಾಟವೇ ಆಗಲಿ, ಮೇಲಿಂದ ಶುರುವಾಗಿ ಜಾರಿ ಜಾರಿ ಕೆಳಗೆ ಬಿದ್ದು ನಿಲ್ಲಲಿ. ಬೆನ್ನುನೋವಿನವರು ಕುರ್ಚಿಯಿಂದ ಏಳುವಾಗ ಬರುತ್ತದಲ್ಲ, ಆ ಸದ್ದು. "ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ" ಅಂತ ಗಾದೆ ಹೇಳಿ ನಮ್ಮನ್ನು ಬೆಳೆಸಿದ್ದಾರೆ. ಮೊದಲರ್ಧ ಸರಿ. ಎರಡನೆಯ ಅರ್ಧವನ್ನು ನಾನು ಒಪ್ಪುವುದಿಲ್ಲ. ನನ್ನ ಪಾಲಿಗೆ ನರಳ್ತಾ ನರಳ್ತಾ ಬಂದಿರುವುದೂ ರಾಗವೇ. ನರಳದೆ ಬಿಟ್ಟ ದಿನಗಳಲ್ಲಿ ಬಂದಿದ್ದು ರೋಗ.

ಐದಾರು ಸಲ ನರಳಿದ ಮೇಲೆ ಗಮನಿಸಿ, ದನಿ ಬಿದ್ದು ನಿಲ್ಲುವ ಜಾಗ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಅದೇ ನಿಮ್ಮ ಇವತ್ತಿನ ಷಡ್ಜ, ಅಂದರೆ ಸರಿಗಮದ "ಸ". ಈಗ ಬೇಕಾದರೆ ತಂಬೂರಿ ಹಚ್ಚಿ, ಆ ಸ್ವರಕ್ಕೆ ತಿರುಗಿಸಿ. ಶ್ರುತಿಗೆ ನಾವು ಸೇರುವುದು ರೂಢಿ. ಇಲ್ಲಿ ಶ್ರುತಿ ನಮಗೆ ಸೇರಬೇಕು. ಎರಡು ಸ್ವರಗಳ ನಡುವೆ ಎಲ್ಲೋ ನಿಂತರೆ ತಂಬೂರಿಯನ್ನೂ ಅಲ್ಲಿಗೇ ತನ್ನಿ, ಈಗಿನ ಆ್ಯಪುಗಳಲ್ಲಿ ಅಷ್ಟು ಸೂಕ್ಷ್ಮವಾಗಿ ತಿರುಗಿಸಬಹುದು.

ನಾನು ಬರೆದಿಡುವುದು ಇದೊಂದನ್ನೇ: ತಾರೀಖು, ಮತ್ತು ಆ ದಿನದ ಷಡ್ಜ. ಒಂದು ವರ್ಷದ ಮೇಲೆ ತಿರುವಿ ನೋಡಿದರೆ, ಮಕ್ಕಳ ದಿನಗಳಲ್ಲಿ ಎಫ್ ಅಥವಾ ಎಫ್ ಶಾರ್ಪ್. ವಾರ್ಡಿನ ದಿನಗಳಲ್ಲಿ ಇನ್ನೂ ಕೆಳಗಿನ ಡಿ. ಅದಕ್ಕೂ ಕೆಳಗೆ ಹೋದ ನಾಲ್ಕು ದಿನ ಇದ್ದವು, ಆ ನಾಲ್ಕೂ ಯಾವ ದಿನಗಳು ಎಂದು ಡೈರಿ ನೋಡದೆ ಹೇಳಬಲ್ಲೆ.

ಎರಡೇ ಸ್ವರ

ತಂಬೂರಿ ಹಚ್ಚಿದ ಕೂಡಲೇ ಕಲಿತವರಿಗೆ ಒಂದು ಕಷ್ಟ ಶುರು. ರಾಗ ಬಂದುಬಿಡುತ್ತದೆ. ಎರಡು ಸ್ವರ ತೆಗೆದರೆ ಮೂರನೆಯದನ್ನು ಮೋಹನವೋ ಕಲ್ಯಾಣಿಯೋ ಕೈ ಹಿಡಿದು ಎಳೆದುಕೊಂಡು ಹೋಗುತ್ತದೆ. ಹತ್ತು ವರ್ಷ ತಿದ್ದಿದ ಸಂಚಾರಗಳು, ಗಂಟಲಿಗೆ ದಾರಿ ಗೊತ್ತು, ನಾವು ಜತೆಗೆ ಹೋಗಲೂ ಬೇಕಿಲ್ಲ. ಪಾಶ್ಚಾತ್ಯ ಸಂಗೀತ ಕಲಿತ ಗೆಳತಿಯೊಬ್ಬಳ ಪಾಡೂ ಇದೇ, ಪ್ರತಿ ಸಾಲಿನ ಕೊನೆಗೆ ಅವಳ ದನಿ ಅಚ್ಚುಕಟ್ಟಾಗಿ ಆಧಾರ ಸ್ವರದ ಮನೆ ಸೇರಿಬಿಡುತ್ತದೆ.

ಹಾಗಾಗಿ ಸ್ವರಗಳಿಗೆ ರೇಷನ್. ಮೊದಲ ವಾರ ಎರಡೇ ಸ್ವರ: ಷಡ್ಜ, ಮತ್ತು ಅದರ ಪಕ್ಕದ ಶುದ್ಧ ರಿಷಭ. ಬರೀ ಅರ್ಧ ಸ್ವರದ ದೂರದಲ್ಲಿರುವ ಆ ರಿಷಭ ತಂಬೂರಿಗೆ ತಿಕ್ಕುತ್ತದೆ, ಅಲೆ ಅಲೆಯಾಗಿ ಗುಂಯ್ ಅನ್ನುತ್ತದೆ. ಆ ತಿಕ್ಕಾಟ ಹಿತವಲ್ಲ, ಅದಕ್ಕೇ ಅದು ಬೇಕು. ರಿಷಭದಲ್ಲಿ ಒಂದು ಉಸಿರು ಪೂರ್ತಿ ನಿಲ್ಲಿ. ಇಳಿಯಬೇಕು ಅನ್ನಿಸಿದಾಗ ಇಳಿಯಬೇಡಿ, ಇನ್ನೊಂದು ಉಸಿರು ನಿಲ್ಲಿ. ಎಷ್ಟು ಹೊತ್ತಿಗೆ ಇಳಿಯುವುದು ಎಂದು ದನಿಯೇ ನಿರ್ಧರಿಸಲಿ. ಇಳಿದು ಷಡ್ಜ ಸೇರಿದಾಗ ಭುಜ ತಾನಾಗಿ ಇಳಿಯುವುದನ್ನು ಗಮನಿಸಿ. ಮತ್ತೆ ಏರಿ. ಹಾಡಿದ್ದೇ ಹಾಡೋ ಕಿಸ್‌ಬಾಯಿ ದಾಸ ಅಂತ ಯಾರನ್ನಾದರೂ ಹಂಗಿಸುತ್ತೇವಲ್ಲ, ಆ ದಾಸನನ್ನು ಇಲ್ಲಿ ಗುರು ಅಂತ ಭಾವಿಸಿ. ಹೊಸದು ಹುಟ್ಟಿಸುವ ಹಂಗು ಇಲ್ಲ.

ಇದರಿಂದ ಮೈಯೊಳಗೆ ಆಗುವುದೇನು? ದೊಡ್ಡ ಪವಾಡವೇನಿಲ್ಲ. ಒಂದು ಉಸಿರಿನಲ್ಲಿ ಉದ್ದ ಸ್ವರ ಹಿಡಿದರೆ ಉಸಿರಾಟ ನಿಮಿಷಕ್ಕೆ ಐದಾರಕ್ಕೆ ಇಳಿಯುತ್ತದೆ. ಉಸಿರು ಬಿಡುವಾಗ ಎದೆಬಡಿತ ನಿಧಾನವಾಗುತ್ತದೆ. ಬಿಡುವ ಹೊತ್ತು ಉದ್ದವಾದರೆ ಆ ನಿಧಾನವೂ ಉದ್ದ. 2001ರಲ್ಲಿ ಪ್ರಕಟವಾದ ಇಟಲಿಯ ಸಂಶೋಧಕರ ಅಧ್ಯಯನವೊಂದು ಜಪಮಣಿಯ ಪ್ರಾರ್ಥನೆ, ಮಂತ್ರ ಎರಡನ್ನೂ ಹೇಳಿಸಿ ನೋಡಿ, ಎರಡರಲ್ಲೂ ಉಸಿರು ನಿಮಿಷಕ್ಕೆ ಆರರ ಆಸುಪಾಸಿಗೆ ಬರುತ್ತದೆ ಎಂದು ತೋರಿಸಿತು. ಇನ್ನು ಗಂಟಲು. ಧ್ವನಿಪೆಟ್ಟಿಗೆಯ ಸ್ನಾಯುಗಳನ್ನು ಆಡಿಸುವುದು ಮಿದುಳಿನಿಂದ ಎದೆ, ಹೊಟ್ಟೆಗೆ ಇಳಿಯುವ ವೇಗಸ್ ನರದ ಕವಲುಗಳೇ. ಎಡಗಡೆಯ ಕವಲು ನೇರ ಗಂಟಲಿಗೆ ಬರದೆ ಎದೆಗಿಳಿದು, ಮಹಾಪಧಮನಿಯನ್ನು ಸುತ್ತಿ, ಮತ್ತೆ ಮೇಲೇರಿ ಬರುತ್ತದೆ. ದನಿಯ ತಂತಿ ಹೃದಯದ ಮಗ್ಗುಲಿಂದ ಹಾದುಬರುವುದು ಕವಿಸಮಯವಲ್ಲ, ಅಂಗರಚನೆ. ಆದರೂ ಇದನ್ನು ಹಿಡಿದುಕೊಂಡು "ಹಾಡಿದರೆ ವೇಗಸ್ ಸರಿಹೋಗುತ್ತದೆ" ಅಂತ ಭಾಷಣ ಮಾಡುವವರ ಸಾಲಿಗೆ ನಾನು ಸೇರುವುದಿಲ್ಲ.

ಎರಡನೆಯ ವಾರ ಮೂರನೆಯ ಸ್ವರ ಸೇರಿಸಬಹುದು. ಕೆಳಗಿನ ನಿಷಾದ ನನಗಿಷ್ಟ. ಆಗ ಷಡ್ಜದ ಮೇಲೂ ಕೆಳಗೂ ಓಡಾಡಲು ಜಾಗವಾಗುತ್ತದೆ. ಅದಕ್ಕಿಂತ ಹೆಚ್ಚು ನನಗೆ ಇವತ್ತಿಗೂ ಬೇಕಾಗಿಲ್ಲ.

ವಿಕಾರ ಸದ್ದುಗಳಿಗೆ ಸರದಿ

ಆಲ್ಫ್ರೆಡ್ ವುಲ್ಫ್‌ಸನ್ ಎಂಬಾತನ ಕತೆ ಈ ಕಸುಬಿನವರಿಗೆ ಗೊತ್ತಿರಬೇಕು. 1896ರಲ್ಲಿ ಜರ್ಮನಿಯಲ್ಲಿ ಹುಟ್ಟಿದವನು, ಮೊದಲ ಮಹಾಯುದ್ಧದ ಕಂದಕಗಳಲ್ಲಿದ್ದವನು. ಸಾಯುತ್ತಿರುವ ಸೈನಿಕರ ಕೂಗು ಯುದ್ಧ ಮುಗಿದ ಮೇಲೂ ಅವನ ಕಿವಿ ಬಿಡಲಿಲ್ಲ. ಚಿಕಿತ್ಸೆಯಿಂದ ಗುಣ ಕಾಣದೆ ಹಾಡುಗಾರಿಕೆಯ ಪಾಠಕ್ಕೆ ಹೋದ. ಅಲ್ಲಿಂದ ಮುಂದಕ್ಕೆ ಅವನು ಮಾಡಿದ್ದು ಚೆಂದ ಹಾಡುವುದನ್ನಲ್ಲ. ಕಿವಿಯಲ್ಲಿ ಕೂತಿದ್ದ ಆ ಸದ್ದುಗಳನ್ನೇ ತನ್ನ ದನಿಯಿಂದ ಹೊರಗೆ ತೆಗೆದ. ಆಮೇಲೆ ಬರ್ಲಿನ್‌ನಲ್ಲೂ ಲಂಡನ್‌ನಲ್ಲೂ ಬೇರೆಯವರಿಗೆ ಇದನ್ನು ಕಲಿಸುತ್ತಾ 1962ರಲ್ಲಿ ತೀರಿಕೊಂಡ.

ನಮ್ಮ ಕಿವಿಯಲ್ಲಿ ಕೂರುವುದು ಅಷ್ಟು ಘೋರವಾದದ್ದಲ್ಲ, ಆದರೆ ಕೂರುತ್ತದೆ. ನನ್ನ ಬಳಿ ಬರುವ ಹುಡುಗನೊಬ್ಬ ಕೋಣೆ ಬಿಟ್ಟು ಹೋಗುವ ಹೊತ್ತಿಗೆ ಸೀಳುವ ಹಾಗೆ ಕಿರುಚುತ್ತಿದ್ದ. ರಾತ್ರಿ ಪಾತ್ರೆ ತೊಳೆಯುವಾಗ, ಎರಡು ಸ್ಟೀಲ್ ತಟ್ಟೆ ತಗುಲಿದರೆ ಆ ಕಿರುಚು ಮತ್ತೆ ಕೇಳುತ್ತಿತ್ತು. ಅದಕ್ಕೆ ನಾನು ಮಾಡಿದ್ದು ಹೀಗೆ. ತುಟಿ ಮುಚ್ಚಿ, ಆ ಕಿರುಚಿನ ಆಕಾರವನ್ನು ಸೊಳ್ಳೆಯಷ್ಟು ಸಣ್ಣ ದನಿಯಲ್ಲಿ ತೆಗೆದೆ: ಎಲ್ಲಿಂದ ಏರುತ್ತದೆ, ಎಲ್ಲಿ ಒಡೆಯುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ. ಆಮೇಲೆ ಬಾಯಿ ತೆರೆದು, ಒಂದು ಸ್ಥಾಯಿ ಕೆಳಗೆ. ಆಮೇಲೆ ನಿಧಾನವಾಗಿ, ಎರಡರಷ್ಟು ಹೊತ್ತು. ನಾಲ್ಕನೆಯ ದಿನ ಅದು ಕಿರುಚಾಗಿ ಉಳಿದಿರಲಿಲ್ಲ, ಒಂದು ಸಾಲಾಗಿತ್ತು, ಕೊನೆಯಲ್ಲಿ ಪ್ರಶ್ನೆಯಂತೆ ಏರುವ ಸಾಲು. ಮುಂದಿನ ವಾರ ಹುಡುಗ ಕಿರುಚಿದಾಗ ನನಗೂ ಆ ಪ್ರಶ್ನೆ ಕೇಳಿಸಿತು. ಸೆಷನ್ ಮುಗಿಯಿತು ಎನ್ನುವ ಹಾಡನ್ನು ಎರಡು ನಿಮಿಷ ಮುಂಚೆ ಶುರುಮಾಡುತ್ತಾ ಬಂದೆ. ಇದು ಆರೈಕೆಯಿಂದ ಕೆಲಸಕ್ಕೆ ದಕ್ಕಿದ ಲಾಭ, ಆದರೆ ಅದಕ್ಕಾಗಿ ಮಾಡಬೇಡಿ. ಲಾಭಕ್ಕೆ ಅಂತ ಕೂತರೆ ಮತ್ತೆ ಸೆಷನ್ನೇ.

ಎರಡು ಎಚ್ಚರ. ಆ ವ್ಯಕ್ತಿಯ ಮುಖ, ಹಾವಭಾವ ಅನುಕರಿಸಬೇಡಿ. ನಿಮ್ಮ ಮೈಯಲ್ಲಿ ಉಳಿದಿರುವ ಸದ್ದನ್ನು ಮಾತ್ರ ಹಿಡಿಯಿರಿ. ಇನ್ನೊಂದು, ದೊಡ್ಡ ದನಿಯಲ್ಲಿ ಶುರುಮಾಡಬೇಡಿ. ವುಲ್ಫ್‌ಸನ್ ಕತೆ ಕೇಳಿದ ಉತ್ಸಾಹದಲ್ಲಿ ನಾನು ಮೊದಲ ದಿನವೇ ಅರಚಿ, ಮುಂದಿನ ಮೂರು ದಿನ ಗಂಟಲು ಕಟ್ಟಿ, ಸೆಷನ್‌ಗಳನ್ನು ಬರೀ ಡ್ರಮ್ಮಿನಲ್ಲಿ ನಡೆಸಿದ್ದೇನೆ.

ಪದ ಬೇಕು ಅನ್ನಿಸಿದರೆ ಇಲ್ಲದ ಭಾಷೆಯಲ್ಲಿ ಹಾಡಿ. "ಲೊಬೋ ತೀಮಿ ಗರಾನ" ಥರ. ನಗು ಬಂದರೆ ನಗುತ್ತಲೇ ಮುಂದುವರಿಸಿ. ನಿಜ ಭಾಷೆಯಲ್ಲಿ ಹಾಡುವುದಾದರೆ ಹೆಸರುಗಳು ಬೇಡ. ಒಮ್ಮೆ ನಾನು ಬಾಗಿಲು ಹಾಕಿಕೊಂಡು, ತೀರಿಕೊಂಡ ಹಿರಿಯರೊಬ್ಬರ ಅಡ್ಡಹೆಸರು ಹಿಡಿದು ಹಾಡುತ್ತಾ ಕೂತಿದ್ದೆ. ಹೊರಗೆ ಬಂದರೆ ಅವರನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಬಾಗಿಲ ಬಳಿಯೇ ನಿಂತಿದ್ದಾರೆ, ಕಣ್ಣೊರೆಸಿಕೊಳ್ಳುತ್ತಾ. ಅವರು ಏನೂ ಅನ್ನಲಿಲ್ಲ. ತಪ್ಪು ನನ್ನದೇ. ಗೋಡೆಗೆ ಕಿವಿಯಿದೆ ಅನ್ನುವುದು ಗುಟ್ಟು ಕಾಯುವ ನಮ್ಮ ಕಸುಬಿನಲ್ಲಿ ಬರೀ ಗಾದೆಯಲ್ಲ.

ಮಗಳು ಒಂದು ಭಾನುವಾರ ಬಾಗಿಲು ಬಡಿದಳು. "ಅಮ್ಮಾ, ಎಮ್ಮೆ ಥರ ಕೂಗ್ತಿದ್ದೀಯ, ನಂಗೆ ಹೋಂವರ್ಕ್ ಮಾಡಕ್ಕಾಗ್ತಿಲ್ಲ." ಅವತ್ತಿನಷ್ಟು ಖುಷಿಯಾಗಿ ನಾನು ಯಾವ ವಿಮರ್ಶೆಯನ್ನೂ ಸ್ವೀಕರಿಸಿಲ್ಲ.

ಅಂಟಿಕೊಂಡ ಹಾಡನ್ನು ಬಿಡಿಸುವುದು

ವಾರ್ಡಿನಲ್ಲಿ ಕೆಲಸ ಮಾಡುವವರಿಗೆ ಇದು ಬೇಕೇ ಬೇಕು. ಒಬ್ಬರು ಕೊನೆಯ ವಾರದಲ್ಲಿ ಒಂದೇ ಹಾಡು ಕೇಳುತ್ತಿದ್ದರು. ಐದು ದಿನದಲ್ಲಿ ಹನ್ನೊಂದು ಸಲ ಹಾಡಿದೆ. ಅವರು ಹೋದ ಮೇಲೆ ಇನ್ನೊಬ್ಬರು, ಬೇರೆ ಊರಿನವರು, ಬೇರೆ ಕಾಯಿಲೆಯವರು, ಅದೇ ಹಾಡು ಕೇಳಿದರು. ಬಾಯಿ ತೆರೆದರೆ ದನಿಯೇ ಇಲ್ಲ. ಕೆಮ್ಮು ಬಂದಂತೆ ಮಾಡಿ ಬೇರೆ ಹಾಡಿಗೆ ಜಾರಿಕೊಂಡೆ. ಅವರಿಗೆ ಗೊತ್ತಾಯಿತೋ ಇಲ್ಲವೋ, ನನಗೆ ನಾಚಿಕೆಯಾಯಿತು.

ಆ ಹಾಡನ್ನು ವಾಪಸ್ ಪಡೆಯಲು ಮೂರು ವಾರ ಹಿಡಿಯಿತು. ಮೊದಲು ಪದ ಬಿಟ್ಟು ಬರೀ ಸ್ವರಾಕ್ಷರ: ಆ, ಈ, ಊ. ವ್ಯಂಜನ ಹೋದರೆ ಹಾಡು ಅರ್ಧ ಅಪರಿಚಿತವಾಗುತ್ತದೆ. ಕೆಲವು ದಿನ ಕಳೆದು ತಾಳ ಬದಲಿಸಿದೆ, ನಾಲ್ಕರ ನಡೆಯದ್ದನ್ನು ಮೂರಕ್ಕೆ ಹಾಕಿದೆ. ಮಂಚದ ಪಕ್ಕ ಕೂತ ನೆನಪು ನಾಲ್ಕರಲ್ಲಿತ್ತು, ಮೂರಕ್ಕೆ ಅದು ಕಾಲು ಹಾಕಲಾರದು. ಆಮೇಲೆ ನನ್ನ ಜಿ ಶ್ರುತಿಗೆ ತಂದೆ. ಅವರಿಗಾಗಿ ಬಿ ಫ್ಲಾಟ್‌ಗೆ ಇಳಿಸಿದ್ದೆ, ಆ ಎತ್ತರದ ಜತೆಗೇ ಗಂಟಲು ಕಟ್ಟಿಕೊಂಡಿತ್ತು. ಎತ್ತರ ಬದಲಾದಾಗ ಸ್ನಾಯುಗಳ ಹಿಡಿತವೂ ಬದಲಾಗುತ್ತದೆ. ಕೊನೆಗೆ ಅದರ ಒಂದೇ ಸಾಲನ್ನು ಇಟ್ಟುಕೊಂಡು ಉಳಿದದ್ದನ್ನೆಲ್ಲ ಬಾಯಿಗೆ ಬಂದಂತೆ ಬೆಳೆಸಿದೆ. ಈಗ ಸೆಷನ್‌ನಲ್ಲಿ ಹಾಡುತ್ತೇನೆ. ಮೂರನೆಯ ಸಾಲಿಗೆ ಬಂದಾಗ ಇವತ್ತಿಗೂ ಉಸಿರು ಒಂದು ಕಡೆ ತಡೆಯುತ್ತದೆ. ಇರಲಿ, ಅಷ್ಟು ಅವರದ್ದು.

ಎರಡು ಕಾರ್ಡು, ಒಂದು ಎಚ್ಚರಿಕೆ

ಕೀಬೋರ್ಡ್ ಅಥವಾ ಗಿಟಾರ್ ನುಡಿಸುವವರು ಎರಡೇ ಕಾರ್ಡುಗಳನ್ನು, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳನ್ನು, ತೂಗುಯ್ಯಾಲೆಯಂತೆ ಹಿಂದೆ ಮುಂದೆ ಬಾರಿಸುತ್ತಾ ಅದರ ಮೇಲೆ ಹಾಡಬಹುದು. ಡಯೇನ್ ಆಸ್ಟಿನ್ ರೂಪಿಸಿದ ಗಾಯನ ಮನೋಚಿಕಿತ್ಸೆಯಲ್ಲಿ ಇದು ಮುಖ್ಯ ವಿಧಾನ. ಎರಡು ಕಾರ್ಡಿನ ಆಸರೆ, ಜತೆಗೆ ಚಿಕಿತ್ಸಕರ ದನಿ: ಮೊದಲು ಅದೇ ಸ್ವರದಲ್ಲಿ, ಆಮೇಲೆ ಹೊಂದುವ ಬೇರೆ ಸ್ವರದಲ್ಲಿ, ಆಮೇಲೆ ಹಾಡಿದ್ದನ್ನು ಮರುನುಡಿಯುತ್ತಾ. ಆ ಜತೆಯ ದನಿಯೇ ಅಲ್ಲಿನ ಜೀವ. ಒಬ್ಬರೇ ಮಾಡುವಾಗ ಅದು ಇರುವುದಿಲ್ಲ, ಹಾಗಾಗಿ ಆಳಕ್ಕೆ ಇಳಿಯುವುದು ಬೇಡ. ನಾನು ಎ ಮೈನರ್, ಎಫ್ ಮೇಜರ್ ನಡುವೆ ಓಡಾಡುತ್ತಾ "ನಾನು..." ಅಂತ ಶುರುಮಾಡಿ ದಿನದ ಸಣ್ಣಪುಟ್ಟ ಸಿಟ್ಟುಗಳನ್ನು ಹಾಡುತ್ತೇನೆ. ಸೆಷನ್ ನಡುವೆ ಬಾಗಿಲು ತೆಗೆದು ಇಣುಕಿದವರು, ಟ್ಯಾಂಬೊರಿನ್ ಒಡೆದು ಹೇಳದೆ ಇಟ್ಟು ಹೋದವರು, ಎಲ್ಲರೂ ಅದರಲ್ಲಿ ಬರುತ್ತಾರೆ. ದೊಡ್ಡ ಗಾಯಗಳನ್ನು ಅಲ್ಲಿಗೆ ಒಯ್ಯುವುದಿಲ್ಲ. ಹಾಡುವಾಗ ಅಳು ಬಂದು ಹೋದರೆ ಸರಿ. ಬಂದು ನಿಂತೇಬಿಟ್ಟರೆ, ಇಲ್ಲವೇ ನೋಡಿದ ದೃಶ್ಯಗಳು ಕಣ್ಣಮುಂದೆ ಬಂದು ನಿಲ್ಲತೊಡಗಿದರೆ, ಅಲ್ಲಿಗೆ ಬಿಟ್ಟು ಕಣ್ಣು ತೆರೆದು ಕೋಣೆಯ ವಸ್ತುಗಳನ್ನು ನೋಡಿ. ಅದು ಸೂಪರ್‌ವಿಷನ್‌ಗೆ, ಅಂದರೆ ನಮ್ಮ ಕೆಲಸಕ್ಕೆ ಮಾರ್ಗದರ್ಶನ ಕೊಡುವ ಹಿರಿಯ ಚಿಕಿತ್ಸಕರ ಬಳಿಗೆ, ಅಥವಾ ನಿಮ್ಮದೇ ಚಿಕಿತ್ಸಕರ ಬಳಿಗೆ ಒಯ್ಯಬೇಕಾದದ್ದು.

ಜತೆಯವರೊಡನೆ

ತಿಂಗಳಿಗೊಮ್ಮೆ ನಾವು ಮೂವರು ಸೇರುತ್ತೇವೆ. ಮೊದಲ ಸಲ ನಡೆದದ್ದು ಹೇಳಬೇಕು. ದೀಪ ತಗ್ಗಿಸಿ ವೃತ್ತವಾಗಿ ಕೂತೆವು. ಒಬ್ಬರೂ ಶುರುಮಾಡಲಿಲ್ಲ. ಮೂವರೂ ಇನ್ನಿಬ್ಬರ ಉಸಿರು ನೋಡುತ್ತಾ, ಅವರು ದನಿ ತೆಗೆದರೆ ಹಿಂಬಾಲಿಸೋಣ ಎಂದು ಕಾಯುತ್ತಿದ್ದೆವು. ಒಂದು ನಿಮಿಷ ಕಳೆದ ಮೇಲೆ ವಿಷಯ ಹೊಳೆದು ಬಿದ್ದು ಬಿದ್ದು ನಕ್ಕೆವು. ಈಗ ಒಬ್ಬರು ಮೂರು ಸ್ವರದ ಪಲ್ಲವಿಯಂಥದ್ದನ್ನು ಹಿಡಿದು ಬಿಡದೆ ಹಾಡುತ್ತಾರೆ, ಎರಡನೆಯವರು ಅದಕ್ಕೊಂದು ಲಯ ಹಾಕುತ್ತಾರೆ, ಮೂರನೆಯವರಿಗೆ ಎಲ್ಲಿ ಬೇಕಾದರೂ ಅಲೆಯುವ ಹಕ್ಕು. ಐದು ನಿಮಿಷಕ್ಕೆ ಜಾಗ ಬದಲಿ. ಅಲೆಯುವವರ ಹಿಂದೆ ಹೋಗುವಂತಿಲ್ಲ. ಮುಗಿದ ಮೇಲೆ "ನಿನ್ನ ದನೀಲಿ ಏನೋ ನೋವು ಕೇಳಿಸ್ತು" ಅನ್ನುವಂತಿಲ್ಲ, ಅಂದವರು ಮುಂದಿನ ಸಲ ಕಾಫಿ ಮಾಡಬೇಕು.

ಹಾಡು ಮಾಡಲಾರದ್ದು

ಗಂಟಲು ಒರಟಾಗಿದ್ದರೆ ಹಾಡಬೇಡಿ, ಪಿಸುಗುಟ್ಟಲೂಬೇಡಿ. ಪಿಸುಮಾತು ದನಿಗೆ ವಿಶ್ರಾಂತಿ ಎನ್ನುವುದು ತಪ್ಪು, ಬಹಳ ಜನ ಪಿಸುಗುಟ್ಟುವಾಗ ಗಂಟಲನ್ನು ಇನ್ನಷ್ಟು ಬಿಗಿಯುತ್ತಾರೆ. ಖ್ಞಂ ಎಂದು ಗಂಟಲು ಕೆರೆಯುವ ಬದಲು ನೀರು ಗುಟುಕರಿಸಿ. ಒರಟುತನ ಮೂರು ವಾರ ಮೀರಿದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ನಮ್ಮ ಹೊಟ್ಟೆಪಾಡು ಅಲ್ಲಿದೆ.

ಇನ್ನೊಂದನ್ನು ನೇರವಾಗಿ ಹೇಳುತ್ತೇನೆ. ನಾನು ಹಿಂದೆ ಇದ್ದ ಒಂದು ಕಡೆ ದಿನಕ್ಕೆ ಎಂಟು ಸೆಷನ್ ಹಾಕುತ್ತಿದ್ದರು. ನಾವು ಸೋತು ಕೂತಾಗ "ಸ್ವಯಂ ಆರೈಕೆ"ಯ ಅರ್ಧ ದಿನದ ತರಬೇತಿ ಇಟ್ಟರು. ಆ ಅರ್ಧ ದಿನದ ಸೆಷನ್‌ಗಳನ್ನು ಶನಿವಾರ ಮುಗಿಸಿಕೊಡಬೇಕಿತ್ತು. ಎಂಟು ಸೆಷನ್ನಿನ ದಣಿವಿಗೆ ಯಾವ ಸ್ಟ್ರಾವೂ ಯಾವ ರಿಷಭವೂ ಮದ್ದಲ್ಲ. ಅದಕ್ಕೆ ಮದ್ದು ಐದು ಸೆಷನ್. ಅದನ್ನು ಕೇಳಲು ಬೇಕಾದ ದನಿ ಬೇರೆ, ಅದು ಮೆತ್ತಗಿರಬೇಕಾಗಿಲ್ಲ. ನಾನು ಕೇಳಿದೆ, ಕೊಡಲಿಲ್ಲ, ಬಿಟ್ಟೆ.

ದನಿ ಬಾರದ ದಿನ

ಇಂಥ ದಿನಗಳು ಬರುತ್ತವೆ. ನಿಟ್ಟುಸಿರು ಬಿಟ್ಟರೆ ಗಾಳಿಯಷ್ಟೇ ಬರುತ್ತದೆ, ದನಿ ಬೆರೆಯುವುದಿಲ್ಲ. ಬಲವಂತ ಮಾಡಬೇಡಿ. ಕಳೆದ ವಾರಗಳಲ್ಲಿ ಬರೆದಿಟ್ಟ ಷಡ್ಜಗಳಲ್ಲಿ ತೀರ ಕೆಳಗಿನದನ್ನು ನೋಡಿ ತಂಬೂರಿಯನ್ನು ಅಲ್ಲಿಗೆ ತಿರುಗಿಸಿ. ಫೋನನ್ನು ಬರಿಗೈಯಲ್ಲಿ ಹಿಡಿಯುವ ಬದಲು ಗಿಟಾರಿನ ಮರದ ಮೇಲೋ ಖಾಲಿ ಡಬ್ಬದ ಮೇಲೋ ಇಡಿ, ಸದ್ದು ತುಂಬಿಕೊಳ್ಳುತ್ತದೆ. ಅದರ ಮೇಲೆ ಅಂಗೈ ಊರಿ. ತುಟಿ ಮುಚ್ಚಿರಲಿ, ಹಲ್ಲು ತಾಗದಿರಲಿ. ಕೆಲವೊಮ್ಮೆ ನಾಲ್ಕನೆಯ ನಿಮಿಷಕ್ಕೆ ಒಳಗೆಲ್ಲೋ ಒಂದು ಗುನುಗು ಹೊರಡುತ್ತದೆ, ಕೆಲವೊಮ್ಮೆ ಇಲ್ಲ. ಏಳು ನಿಮಿಷಕ್ಕೆ ಆರಿಸಿ. ಡೈರಿಯಲ್ಲಿ ತಾರೀಖಿನ ಮುಂದೆ ನಾನು ಒಂದು ಅಡ್ಡಗೆರೆ ಎಳೆದು ಬಾಗಿಲು ತೆಗೆಯುತ್ತೇನೆ.